ಬದಲಿಯವನ ದೋಸೆ

ಮುಂಬಯಿಯ ಪವಾಯಿಯಲ್ಲಿರುವ ನನ್ನ ಕಚೇರಿಯಲ್ಲಿ ‘ರಿಪ್ಲೇಸ್‌ಮೆಂಟ್’ ಎಂಬ ಪದವಿಲ್ಲದೆ ದಿನ ಕಳೆಯುವುದಿಲ್ಲ. ಕೆಟ್ಟುಹೋದ ಕೀಬೋರ್ಡಿನ ಜಾಗಕ್ಕೆ ಬರುವ ಹೊಸದಕ್ಕೂ ಅದೇ ಪದ, ರಾಜೀನಾಮೆ ಕೊಟ್ಟ ಸಹೋದ್ಯೋಗಿಯ ಕುರ್ಚಿಗೆ ಬರುವವರಿಗೂ ಅದೇ ಪದ. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಇಂಗ್ಲಿಷಿನಲ್ಲಿ ತಪ್ಪಾದೀತೆಂಬ ಅಂಜಿಕೆ ಇನ್ನೂ ಬಿಟ್ಟಿಲ್ಲ. ಆದುದರಿಂದ ನಿಘಂಟು ನೋಡದೆ ಏನನ್ನೂ ಬರೆಯುವವಳಲ್ಲ. ಈ ಪದಕ್ಕೆ ಅಲ್ಲಿದ್ದ ಅರ್ಥ ‘ಬದಲಿ’. ಅದನ್ನು ನಾನು ಕೂಡಲೇ ನಂಬಿದ್ದೆ. ಬದಲಿ ಎಂದರೇನೆಂಬುದು ನನಗೆ ಚಿಕ್ಕಂದಿನಿಂದಲೂ ಗೊತ್ತಿತ್ತು.

ಅಪ್ಪ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ನಿಂತು ನಮ್ಮನ್ನು ಸಾಕಿದವರು. ಅಲ್ಲಿಯ ಕೆಲಸಗಾರರು ರಜೆಯ ಮೇಲೆ ಊರಿಗೆ ಹೋಗಬೇಕಾದರೆ ತಮ್ಮ ಬದಲಿಯನ್ನು ತಾವೇ ಹುಡುಕಿ ತಂದು ನಿಲ್ಲಿಸಬೇಕಿತ್ತು. ಮರಳಿ ಬಂದ ದಿನಕ್ಕೂ ಒಂದು ಕ್ರಮವಿತ್ತು. ಬದಲಿಯವನು ಕಾವಲಿಯನ್ನು ಒರೆಸಿ, ಸಟ್ಟುಗವನ್ನು ಒಪ್ಪಿಸಿ, ಗಿರಾಕಿಯಂತೆ ಹೊರಗಿನ ಮೇಜಿಗೆ ಹೋಗಿ ಕೂರುತ್ತಿದ್ದನು. ಮರಳಿದವರು ಹುಯ್ದ ಮೊದಲ ದೋಸೆ ಅವನಿಗೆ. ಅದನ್ನು ತಿಂದು ಅವನು ಕೈತೊಳೆದರೆ ಜಾಗ ಹಿಂದಕ್ಕೆ ಬಂತೆಂದು ಅರ್ಥ. ಬೇರೆ ಮಾತು ಬೇಕಿರಲಿಲ್ಲ.

ಕಳೆದ ವರ್ಷ ಪಾರ್ಶ್ವವಾಯು ತಗಲಿ ಅಪ್ಪನ ಬಲಗೈ ಸೋತಿತು. ಆಸ್ಪತ್ರೆಯ ಹಾಸಿಗೆಯಿಂದಲೇ ಊರಿಗೆ ಫೋನು ಮಾಡಿಸಿ, ದೂರದ ಸಂಬಂಧದ ಅಳಿಯನೊಬ್ಬನನ್ನು ಬದಲಿಯಾಗಿ ಕರೆಸಿದರು. ಆಮೇಲೆ ಭಾಂಡುಪಿನ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ, ಸ್ಟೀಲಿನ ತಟ್ಟೆಯನ್ನು ಮಗುಚಿಟ್ಟು ಅದರ ಮೇಲೆ ಖಾಲಿ ಸೌಟನ್ನು ಸುತ್ತಿಸುತ್ತ ಕೂರುತ್ತಿದ್ದರು. ಕೈ ಸುಧಾರಿಸುತ್ತಿದೆ ಎನ್ನುತ್ತಿದ್ದರು. ಸೌಟು ತಟ್ಟೆಗೆ ಬಡಿಯುವ ಸದ್ದು ಅಡುಗೆಮನೆಯಲ್ಲಿದ್ದ ನನಗೂ ಅಮ್ಮನಿಗೂ ಕೇಳುತ್ತಿತ್ತು.

ಹೋಟೆಲನ್ನು ಈಗ ನೋಡಿಕೊಳ್ಳುವವರು ಧಣಿಯ ಮಗ. ಅಪ್ಪ ಕೆಲಸಕ್ಕೆ ಬರಲು ಸಿದ್ಧರೆಂದು ತಿಳಿಸಲು ನಾನೇ ಫೋನು ಮಾಡಿದೆ. ಅವರು ಸೌಜನ್ಯದಿಂದಲೇ ಮಾತನಾಡಿದರು.

“ಅಂಕಲ್‌ಗೆ ಟೆನ್ಶನ್ ಬೇಡ ಅಂತ ಹೇಳಿ. ಅವರ ರಿಪ್ಲೇಸ್‌ಮೆಂಟ್ ಚೆನ್ನಾಗಿ ಸೆಟ್ ಆಗಿದ್ದಾನೆ.”

ಅಪ್ಪ ಪಕ್ಕದಲ್ಲೇ ಇದ್ದರು. “ಎಂಥ ಹೇಳಿದ್ರು?”

“ಬದಲಿ ಚೆನ್ನಾಗಿ ಮಾಡ್ತಾ ಇದ್ದಾನಂತೆ.”

“ಮಾಡದೆ ಎಂಥ? ಕಳಿಸಿದ್ದು ಯಾರು!” ಎಂದು ನಕ್ಕು, ಮರುದಿನಕ್ಕೆ ಅಂಗಿ ತೆಗೆದಿಟ್ಟರು.

ನಿಘಂಟಿನಲ್ಲಿದ್ದ ಅರ್ಥವನ್ನೇ ನಾನು ಹೇಳಿದ್ದೆ. ಆದರೆ ಕಚೇರಿಯಲ್ಲಿ ಆ ಪದ ಬಂದ ಮೇಲೆ, ಎದ್ದುಹೋದವರು ಅದೇ ಕುರ್ಚಿಗೆ ಮರಳಿದ್ದನ್ನು ನಾನೆಂದೂ ಕಂಡಿರಲಿಲ್ಲ.

ಮರುದಿನ ಜನ ಕಡಿಮೆಯಿರುವ ಹೊತ್ತು ನೋಡಿ ಲೋಕಲ್ ರೈಲು ಹಿಡಿದು ಹೋಟೆಲಿಗೆ ಹೋದೆವು. ಅಪ್ಪನನ್ನು ಕಂಡೊಡನೆ ಬದಲಿಯವನು ಕಾವಲಿ ಒರೆಸಿ ಸಟ್ಟುಗ ಚಾಚಿದನು.

“ಬನ್ನಿ ಮಾವ. ನಿಮ್ಮ ಕಾವಲಿ ನನ್ನ ಮಾತೇ ಕೇಳೂದಿಲ್ಲ.”

“ಕೇಳದಿದ್ರೆ ಇವರೆಲ್ಲ ತಿನ್ನೂದು ಎಂಥ, ಮಾರಾಯ?”

ಅವನು ನಗುತ್ತ ಹೊರಗೆ ಬಂದು, ನಾನು ಕುಳಿತಿದ್ದ ಮೇಜಿನಲ್ಲಿ ಕುಳಿತನು. ಗಲ್ಲಾದಲ್ಲಿದ್ದ ಧಣಿಯ ಮಗ ತಲೆಯೆತ್ತಿ ನೋಡಿದರು. ಅಪ್ಪ ಹಿಟ್ಟು ಹುಯ್ದರು. ಒಂದು ಸುತ್ತು ಸರಿಯಾಗಿ ಬಂತು. ಮುಂದಿನ ಸುತ್ತಿನಲ್ಲಿ ಕೈ ನಡುಗಿ ಸೌಟು ಕಾವಲಿಗೆ ಬಡಿಯಿತು. ಮನೆಯಲ್ಲಿ ಕೇಳುತ್ತಿದ್ದ ಅದೇ ಸದ್ದು. ದೋಸೆ ಹರಿಯಿತು. ಮತ್ತೊಂದು ಹುಯ್ದರು, ಅದೂ ಹರಿಯಿತು.

ಬದಲಿಯವನು ಎದ್ದುಹೋಗಿ ತಟ್ಟೆ ಹಿಡಿದನು. “ನಂಗೆ ಅದೇ ಸಾಕು ಮಾವ. ಕೊಡಿ, ತಿಂತೇನೆ.”

“ಗಿರಾಕಿಗೆ ಕೊಡ್ಲಿಕ್ಕಾಗದ್ದನ್ನು ನಿಂಗೆ ಕೊಡೂದಾ?”

ಅಪ್ಪ ಹರಿದ ದೋಸೆಗಳನ್ನು ಕೆರೆದು ತೆಗೆದರು. ಕಾವಲಿಯನ್ನು ಅಂಚಿನವರೆಗೂ ಒರೆಸಿದರು. ಸಟ್ಟುಗವನ್ನು ಅವನ ಕೈಗಿತ್ತು, ಹೊರಗೆ ಬಂದು ಅವನು ಬಿಟ್ಟೆದ್ದ ಕುರ್ಚಿಯಲ್ಲಿ ಕುಳಿತರು.

ದೋಸೆ ಬಂತು. ತಂದ ಬದಲಿಯವನು ಅವರ ಮುಖ ನೋಡಲಿಲ್ಲ. ಅಪ್ಪ ಆ ಬಲಗೈಯಿಂದಲೇ ಮುರಿದು ಮುರಿದು, ಒಂದು ಚೂರೂ ಉಳಿಸದೆ ತಿಂದರು. ನೆರವಾಗಲು ನನ್ನ ಕೈ ಮುಂದಾಯಿತು, ಹಿಂದಕ್ಕೆ ಎಳೆದುಕೊಂಡೆ. ಅವರು ಎದ್ದು ನಲ್ಲಿಯ ಮುಂದೆ ಬಹಳ ಹೊತ್ತು ನಿಂತು ಕೈತೊಳೆದರು.

ಹೊರಡುವಾಗ ಗಲ್ಲಾದ ಮುಂದೆ ನಿಂತು, ಒದ್ದೆಯಾದ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಧಣಿಯ ಮಗನಿಗೆ ಹೇಳಿದರು:

“ಅವ ಊರಿಗೆ ಹೋಗುವಾಗ ಬದಲಿ ಬೇಕಾದ್ರೆ ನಂಗೆ ಒಂದು ಮಾತು ಹೇಳಿ. ನಾನು ಹುಡುಕಿ ಕೊಡ್ತೇನೆ.”