ಕಿವಿಗೆ ಕಚ್ಚು ಹಾಕದ ಹೋತ

ಮೊಮ್ಮಕ್ಕಳೇ, ಹೋದ ವಾರ ನಿಮ್ಮಲ್ಲಿ ದೊಡ್ಡವಳು ಇಂಗ್ಲಿಷ್ ಪಾಠ ಓದುತ್ತ ‘ಇಯರ್‌ಮಾರ್ಕ್’ ಅಂದರೇನು ಎಂದು ಅಪ್ಪನನ್ನು ಕೇಳಿದಳು. ಒಂದು ಕೆಲಸಕ್ಕೆಂದೇ ಹಣ ತೆಗೆದಿಡುವುದು, ನೀರಿನ ಟಾಕಿಗೆ ಬಂದ ಹಣವನ್ನು ರಸ್ತೆಗೆ ಮುಟ್ಟಬಾರದು, ಹಾಗೆ, ಎಂದು ಅವನು ಹೇಳಿದ. ಅವಳು ಮೊಬೈಲಿನಲ್ಲಿ ಇನ್ನೂ ಹುಡುಕಿದಳು. ಮೊದಲು ಆ ಮಾತಿಗೆ ಬೇರೆ ಅರ್ಥ ಇತ್ತಂತೆ: ಕುರಿ, ದನ ಯಾರವು ಎಂದು ತಿಳಿಯಲು ಕಿವಿಯಲ್ಲಿ ಕೊಯ್ದ ಗುರುತು.

“ಕಿವಿ ಯಾರರ ಕೊಯ್ತಾರೇನು, ಸುಳ್ಳು,” ಎಂದು ಸಣ್ಣವಳು ನಕ್ಕಳು.

ತೊಗರಿ ಹಸನು ಮಾಡುತ್ತಿದ್ದ ನಾನು “ನಾವು ಕೊಯ್ತಿದ್ದೆವು” ಎಂದೆ. ಇಬ್ಬರೂ ನನ್ನ ಕಡೆ ತಿರುಗಿದಿರಿ. ಎದುರು ಕೂತು ಹೇಳಲು ಸಂಕೋಚವಾಗಿ ಮತ್ತೆ ತೊಗರಿಗೆ ಕೈ ಹಾಕಿದೆ. ಬರೆಯಲು ನನಗೆ ಅಷ್ಟು ಸಂಕೋಚವಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಭಾಲ್ಕಿ ಕಡೆಯ ನನ್ನ ತವರಿನಲ್ಲಿ ಆಡು ಇರಲಿಲ್ಲ. ಔರಾದ ತಾಲೂಕಿನ ಚಿಂತಾಕಿಗೆ ಸೊಸೆಯಾಗಿ ಬಂದ ಮೇಲೆ ನಮ್ಮತ್ತೆ ಕಲಿಸಿದರು. ಊರಿನ ಆಡುಗಳೆಲ್ಲ ಒಬ್ಬನೇ ಕಾಯುವವನ ಹಿಂದೆ ಹೋಗುತ್ತಿದ್ದವು. ಸಂಜೆ ಅದಲುಬದಲಾಗಬಾರದೆಂದು ಮನೆಗೊಂದು ಗುರುತು. ನಮ್ಮದು ಎಡಗಿವಿಯ ಕೆಳ ಅಂಚಿನಲ್ಲಿ ಕಡಲೆಕಾಳಿನಷ್ಟು ಕಚ್ಚು. ಮರಿಯನ್ನು ಮೊಣಕಾಲ ನಡುವೆ ಹಿಡಿದು ಬ್ಲೇಡಿನಿಂದ ಕೊಯ್ದು, ಎಣ್ಣೆ ಅರಿಸಿನ ಹಚ್ಚಿ ತಾಯಿಯ ಹತ್ತಿರ ಬಿಡುವುದು. ಒಮ್ಮೆ ಚೀರುತ್ತಿತ್ತು, ಮೊಲೆಗೆ ಬಾಯಿ ಹಾಕಿದ ಮೇಲೆ ಸುಮ್ಮನಾಗುತ್ತಿತ್ತು.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ಒಂದು ಕರಿ ಗಂಡುಮರಿ ಹುಟ್ಟಿತು. ನನ್ನ ಮಗಳಿಗೆ, ಅಂದರೆ ನಿಮ್ಮ ಅತ್ತೆಗೆ, ಬೀದರದಲ್ಲಿ ನರ್ಸಿಂಗ್ ಓದುವ ಆಸೆ. ಹೊಲ ಮೈದುನನ ಕೈಯಲ್ಲಿತ್ತು, ಅವನನ್ನು ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಈ ಮರಿಯೇ ಅವಳ ಫೀಸು ಎಂದು ಮನಸ್ಸಿನಲ್ಲಿ ತೆಗೆದಿಟ್ಟೆ.

ಕಚ್ಚು ಹಾಕಲು ಕೂತಾಗ ಪಕ್ಕದ ಮನೆಯ ಮುಸ್ಲಿಂ ಅಕ್ಕ ಬಂದರು, ಅವರನ್ನು ನಾನು ಆಪಾ ಎನ್ನುತ್ತಿದ್ದೆ.

“ಠೈರ್, ತಡಿ ತಂಗಿ, ಇದಕ್ಕ ಬ್ಲೇಡ ಹಚ್ಚಬ್ಯಾಡ.”

“ಯಾಕ ಆಪಾ?”

“ಬಕ್ರೀದಿಗಿ ಮಾರಿದ್ರ ಛಲೋ ರೊಕ್ಕ ಬರ್ತದ. ಕುರ್ಬಾನಿ ಕೊಡೋ ಆಡಿಗಿ ಐಬ, ಊನ ಇರಬಾರದು. ಇಷ್ಟು ಸಣ್ಣದು ನಡೀತದ ಅಂತ ಮೌಲವಿಗಳು ಅಂದಾರು, ಗಿರಾಕಿ ಅನ್ನಂಗಿಲ್ಲ. ಕಿವಿ ಹಿಡದು ನೋಡ್ತಾರ, ಬಿಟ್ಟು ಹೋಗ್ತಾರ.”

“ಕಳದ್ರ ಏನು ಮಾಡ್ಲಿ?”

“ಮಗಳನ್ನ ಕಾಯ್ತಿ, ಇದನ್ನ ಕಾಯಾಕ ಆಗಲ್ಲೇನು?”

ಕಚ್ಚು ಹಾಕಲಿಲ್ಲ. ಹಿಂಡಿಗೂ ಕಳಿಸಲಿಲ್ಲ. ಮನೆಯಲ್ಲೇ ಕಟ್ಟಿ, ಕರೆದು ಕರೆದು ಮೇವು ಹಾಕಿ ಬೆಳೆಸಿದೆ. ಮುಂದಿನ ವರ್ಷ ಬಕ್ರೀದ್ ಹತ್ತಿರ ಬಂದಾಗ, ಒಂದು ಬೆಳಿಗ್ಗೆ ಅದು ಹಗ್ಗ ಹರಿದುಕೊಂಡು ಹೋಯಿತು. ಒಬ್ಬ ವ್ಯಾಪಾರಿಯ ಹಿಂಡು ಆಗತಾನೆ ಊರು ದಾಟಿ ಔರಾದ ಕಡೆ ಹೋಗಿತ್ತು. ನಮ್ಮ ಹೋತ ಅದರಲ್ಲೇ ಸೇರಿರಬೇಕು ಎಂದು ಆಪಾ ನನ್ನನ್ನು ಆಟೊ ಹತ್ತಿಸಿ ತಾವೂ ಬಂದರು.

ದಾರಿಯ ಚಹಾ ಅಂಗಡಿ ಎದುರು ಹಿಂಡು ನಿಂತಿತ್ತು. ವ್ಯಾಪಾರಿ ಮೋಸಗಾರನಲ್ಲ. ಊರೂರಲ್ಲಿ ಕೊಂಡು ಕೂಡಿಸಿದ ಆಡುಗಳು, ಅವನಿಗೇ ಅವುಗಳ ಮುಖ ಪರಿಚಯವಿರಲಿಲ್ಲ.

“ಯಕ್ಕಾ, ಕರ್ರಗಿನವು ಭಾಳ ಅವ. ಚಿಂತಾಕಿ ಆಡಿಗಿ ಕಿವ್ಯಾಗ ಕಚ್ಚು ಇರ್ತದ. ಇದರಾಗ ಒಂದಕ್ಕೂ ಇಲ್ಲ ನೋಡ್ರಿ.”

ನಮ್ಮದು ಯಾವುದೆಂದು ನನಗೆ ಕಾಣುತ್ತಿತ್ತು. ಅವನಿಗೆ ತೋರಿಸಿಕೊಡುವುದು ಹೇಗೆ? ಚಹಾ ಕುಡಿಯುತ್ತಿದ್ದ ಗಂಡಸರೆಲ್ಲ ಎದ್ದು ಬಂದು ಸುತ್ತ ನಿಂತರು.

“ಮನ್ಯಾಗ ಕರೀತಿಯಲ್ಲ, ಹಂಗ ಕರಿ,” ಎಂದರು ಆಪಾ.

ಕರೆದೆ. ನನಗೇ ಕೇಳಿಸಲಿಲ್ಲ.

“ಯಕ್ಕಾ, ಆಡಿಗಿ ಕರೀಲತ್ತೀರೋ, ಗುಟ್ಟು ಹೇಳ್ಲತ್ತೀರೋ?” ಎಂದ ಒಬ್ಬ. ಎಲ್ಲರೂ ನಕ್ಕರು.

“ನೀ ಬಾಯಿ ಮುಚ್ಚಿದ್ರ ಅದಕ್ಕ ಕೇಳಸ್ತದ,” ಎಂದು ಆಪಾ ಅವನಿಗೆ ಹೇಳಿದರು.

ಸೆರಗು ಬಾಯಿಂದ ತೆಗೆದು, ಗಂಡಸರ ಎದುರು ಎಂದೂ ಎತ್ತದ ದನಿಯಲ್ಲಿ “ಬಾ ಬಾ, ಹುರ್ರ್” ಎಂದು ಕರೆದೆ. ಹೋತ ಓಡಿ ಬರಲಿಲ್ಲ. ಸೊಪ್ಪು ತಿನ್ನುವುದನ್ನೂ ಬಿಡಲಿಲ್ಲ. ಆದರೆ ಅಷ್ಟು ಆಡುಗಳಲ್ಲಿ ಅದೊಂದರ ಕಿವಿಗಳು ಎದ್ದು ನನ್ನ ಕಡೆ ತಿರುಗಿದವು.

ವ್ಯಾಪಾರಿ ನೋಡಿದ. ನನ್ನನ್ನು ಹಿಂಡಿನ ಆ ಬದಿಗೆ ಕಳಿಸಿ “ಮತ್ತೊಮ್ಮಿ ಕರೀರಿ” ಎಂದ. ಕರೆದೆ. ಅವೇ ಕಿವಿಗಳು ಈ ಕಡೆ ತಿರುಗಿದವು.

“ಒಯ್ರಿ ಯಕ್ಕಾ. ಉಳಿದವು ನಿಮ್ಮ ದನಿ ಕೇಳೇ ಇಲ್ಲ,” ಎಂದು ತಾನೇ ಹಗ್ಗ ಹಾಕಿ ಕೊಟ್ಟ.

ಬಕ್ರೀದಿಗೆ ಮೊದಲು ಆಪಾ ಅವರ ತಮ್ಮ ಬೀದರದಿಂದ ಬಂದ. ಎರಡೂ ಕಿವಿ ಹಿಡಿದು ನೋಡಿದ, ಹಲ್ಲು ನೋಡಿದ, ನಾವು ಕೇಳಿದ್ದನ್ನು ಕೊಟ್ಟ. ಅವನು ಹಗ್ಗ ಹಿಡಿದು ನಡೆಸಿಕೊಂಡು ಹೋಗುವಾಗ ನಾನು ಬಾಗಿಲಲ್ಲಿ ನಿಂತಿದ್ದೆ, ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಅದು ಕಿವಿ ತಿರುಗಿಸುತ್ತಿತ್ತು.

ಮರುದಿನ ನಿಮ್ಮ ಅತ್ತೆಯನ್ನು ಕರೆದುಕೊಂಡು ಬೀದರ ಬಸ್ಸು ಹತ್ತಿ ಫೀಸು ಕಟ್ಟಿ ಬಂದೆ.