ಕ್ಯಾಮೆರಾಕ್ಕೆ ಛತ್ರಿ ಬಟ್ಟೆಯ ತೇಪೆ

ಗೆಳೆಯರೇ, ಇವತ್ತು ನನ್ನ ಕ್ಯಾಮೆರಾಕ್ಕೆ ಸ್ನಾನ ಆಗುವುದರಲ್ಲಿತ್ತು.

ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ, ಅಗಲ ಫಿಲ್ಮಿನ ಈ ಮಡಚುವ ಕ್ಯಾಮೆರಾದ ಲೆನ್ಸಿನ ಹಿಂದೆ ಹಾರ್ಮೋನಿಯಂ ತಿದಿಯಂಥ ಕಪ್ಪು ಚೀಲವಿದೆ. ಅದರ ಮಡಿಕೆಗಳಲ್ಲೆಲ್ಲ ತೂತು. ಬೆಳಕು ನುಗ್ಗಿ ಫಿಲ್ಮ್ ಕೆಡುತ್ತಿತ್ತು. ಗುಂಡ್ಲುಪೇಟೆಯ ಛತ್ರಿ ರಿಪೇರಿ ಸಾಬರು ಛತ್ರಿ ಬಟ್ಟೆಯಲ್ಲೇ ಸೊಗಸಾಗಿ ತೇಪೆ ಹಾಕಿದರು. ಆಮೇಲೆ ಪರೀಕ್ಷೆಗೆಂದು ಒಂದು ಚೊಂಬು ನೀರು ಎತ್ತಿದರು!

“ಅಯ್ಯೋ, ಉಯ್ಬೇಡಿ ಸಾಬ್ರೇ! ತಡೀಬೇಕಾಗಿರೋದು ಬೆಳಕನ್ನ!” ಎಂದು ಚೊಂಬು ಕಿತ್ತುಕೊಂಡೆ.

“ಅಂಗಂತ ಮೊದ್ಲೇ ಏಳ್ಬಾರ್ದಾ ಮೇಷ್ಟ್ರೇ?” ಎಂದವರೇ ಚೀಲವನ್ನು ಬಿಸಿಲಿಗೆ ಹಿಡಿದು, ಒಳಗೆ ಕಣ್ಣಿಟ್ಟು, ನನಗೆ ಕಾಣದಿದ್ದ ಇನ್ನೆರಡು ತೂತು ಹುಡುಕಿ ಮುಚ್ಚಿದರು.

“ತಗಳಿ, ಒಂದು ಮಳೆಗಾಲ ಗ್ಯಾರಂಟಿ.”

ಇದನ್ನು ತಯಾರಿಸಿದ ಜರ್ಮನಿಯವನಿಗೂ ಇಂಥ ಗ್ಯಾರಂಟಿ ಕೊಡುವ ಧೈರ್ಯ ಇದ್ದಿರಲಾರದು.