ರಸ್ತೆ ಕಡೆಯ ಕೋಣೆ

ಕುಕನೂರಿನಿಂದ ಮೂವರು ಹೊರಟೆವು. ಅಪ್ಪ, ಅಪ್ಪನ ಅಕ್ಕ ಬಸಮ್ಮತ್ತೆ, ನಾನು. ಅವ್ವ ಬಾಣಂತಿಯಾಗಿದ್ದಳು, ಅವಳ ಬದಲಿಗೆ ಅತ್ತೆ ಬಂದಿದ್ದಳು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಭಾನಾಪುರ ಸ್ಟೇಷನ್ನಿನವರೆಗೆ ಚಕ್ಕಡಿಯಲ್ಲಿ ಹೋದೆವು. ಹಿಂದಿನ ದಿನ ಮಳೆಯಾಗಿ ಎರೆಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತಿತ್ತು. ಅಪ್ಪ ದಾರಿಯಲ್ಲಿ ಎರಡು ಕಡೆ ಇಳಿದು, ಧೋತರ ಎತ್ತಿ ಕಟ್ಟಿಕೊಂಡು ಮಣ್ಣು ಕೆರೆದರು. ಹೈದರಾಬಾದಿಗೆ ಹೋಗುವವರ ಧೋತರಕ್ಕೆ ಕೆಸರು ಸಿಡಿಯಬಾರದೆಂದು ಅತ್ತೆ ಮೇಲಿಂದಲೇ ಎಚ್ಚರಿಸುತ್ತಿದ್ದಳು.

ನನ್ನನ್ನು ಗಂಡಿನವರಿಗೆ ತೋರಿಸಲು ಹೊರಟಿದ್ದೆವು. ಹುಡುಗ ಹೈದರಾಬಾದಿನಲ್ಲಿ ಸರ್ಕಾರಿ ಕಚೇರಿಯ ಗುಮಾಸ್ತ. ಅವನ ತಂದೆ ವೀರಭದ್ರಪ್ಪ ಮೂಲತಃ ಯಲಬುರ್ಗಾ ಕಡೆಯವರು, ಹೈದರಾಬಾದಿನಲ್ಲೇ ನೌಕರಿ ಮಾಡಿ ಅಲ್ಲೇ ಮನೆ ಮಾಡಿದ್ದರು. ಹುಡುಗನಿಗೆ ರಜೆ ಸಿಗುವುದಿಲ್ಲ, ನೀವೇ ಹುಡುಗಿಯನ್ನು ಕರೆತನ್ನಿ ಎಂದು ಹೇಳಿ ಕಳಿಸಿದ್ದರು. ಇದು ನಮ್ಮ ಓಣಿಯಲ್ಲಿ ಯಾರಿಗೂ ಒಪ್ಪಿಗೆಯಾಗಿರಲಿಲ್ಲ. "ಹೆಣ್ಣು ಕರಕೊಂಡು ಗಂಡಿನ ಊರಿಗೆ ಯಾರ ಹೋಗ್ತಾರೋ ಚನ್ನಬಸಪ್ಪಾ?" ಎಂದು ಎದುರು ಮನೆಯ ಹಿರಿಯರು ಕೇಳಿದ್ದರು. ಅಪ್ಪನದು ಸಣ್ಣ ಅರಿವೆ ಅಂಗಡಿ. ನನ್ನ ಬೆನ್ನಿಗೆ ಮೂವರು ತಂಗಿಯರು. "ದೊಡ್ಡಾಕಿ ನೌಕರಿ ಮನಿಗೆ ಹೋದ್ರ ಉಳಿದವರ ದಾರಿ ಹಗುರಾಗ್ತೈತ್ರಿ" ಎಂದು ಅಪ್ಪ ಉತ್ತರ ಕೊಟ್ಟಿದ್ದರು. ಅದಕ್ಕಾಗಿಯೇ ಸಾಲಿ ಮಾಸ್ತರರನ್ನು ಮನೆಗೆ ಕರೆಸಿ ನನಗೆ ಕಚೇರಿಯ ಭಾಷೆಯಾದ ಉರ್ದು ಓದಲು ಕಲಿಸಿದ್ದರು.

ಬಳ್ಳಾರಿ ದಾಟಿ ಗುಂತಕಲ್ಲಿನಲ್ಲಿ ಇಳಿದು ದೊಡ್ಡ ಗಾಡಿ ಹಿಡಿದೆವು. ಗಾಡಿಯ ತುಂಬ ಸಿಪಾಯಿಗಳಿದ್ದರು. ನಾನೂ ಅತ್ತೆಯೂ ಟ್ರಂಕಿನ ಮೇಲೆ ಕುಳಿತೆವು, ಅಪ್ಪ ನಿಂತೇ ಬಂದರು. ಹೊರಟದ್ದು ನಿಜಾಮರ ಸೀಮೆಯಿಂದ, ಹೋಗುವುದೂ ನಿಜಾಮರ ಸೀಮೆಗೆ. ಆದರೂ ನಡುವೆ ಇಂಗ್ಲಿಷರ ನೆಲ ದಾಟಿ ಬಂದಿದ್ದರಿಂದ ರಾಯಚೂರಿನಲ್ಲಿ ಸಾಮಾನು ಬಿಚ್ಚಿ ತೋರಿಸಬೇಕಾಯಿತು. ಹುಡುಗನ ತಾಯಿಗೆಂದು ತಂದಿದ್ದ ಇಳಕಲ್ಲ ಸೀರೆಯನ್ನು ಅತ್ತೆ ತಾನು ಉಡುವುದೆಂದು ಹೇಳಿದಳು. ವಿಧವೆಯ ಬಿಳಿ ಸೀರೆಯಲ್ಲಿದ್ದ ಅವಳನ್ನೂ ಆ ಕೆಂಪು ಸೆರಗನ್ನೂ ನೋಡಿ ಕರೋಡಗಿರಿಯ ಸುಂಕದವನು ನಕ್ಕು ಟ್ರಂಕು ಮುಚ್ಚಿಕೊಳ್ಳಲು ಹೇಳಿದ. ವಾಡಿಯಲ್ಲಿ ಬೆಳಗಾಯಿತು. ಹೈದರಾಬಾದಿನಲ್ಲಿ ಇಳಿದಾಗ ಬಿಸಿಲು ಏರಿತ್ತು.

ಅಪ್ಪ ಮೊದಲೇ ವಿಚಾರಿಸಿಕೊಂಡು ಬಂದಿದ್ದಂತೆ ಟಾಂಗಾ ಮಾಡಿ ಬಜಾರಿನ ಹತ್ತಿರದ ಒಂದು ಧರ್ಮಶಾಲೆಗೆ ಹೋದೆವು. ಮೂರು ದಿನ ಬಿಟ್ಟಿ ಇರಬಹುದಿತ್ತು. ಅಂಗಳದಲ್ಲಿ ಸಿಹಿನೀರಿನ ಬಾವಿ, ಅಡುಗೆಗೆ ಒಲೆ, ಸಾರಿಸಿದ ನೆಲ. ನಮ್ಮ ಕಡೆಯ ಕನ್ನಡ ಮಾತಾಡುವ ಎರಡು ಸಂಸಾರ ಅಲ್ಲಿ ಇಳಿದಿದ್ದವು. ಅತ್ತೆ ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ ಜೋಳದ ಹಿಟ್ಟಿನ ಗಂಟು ಬಿಚ್ಚಿದಳು. ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಅಪ್ಪ ಗೋಡೆಗೆ ಒರಗಿ ಕಾಲು ಚಾಚಿ ಊಟ ಮಾಡಿದ್ದು ಆ ಪ್ರವಾಸದಲ್ಲಿ ಅದೊಂದೇ ಸಲ.

ಸಂಜೆ ವೀರಭದ್ರಪ್ಪ ಬಂದರು. ಕಪ್ಪು ಶೇರ್ವಾನಿ, ತಲೆಗೆ ಕುಚ್ಚಿನ ರೂಮಿ ಟೋಪಿ. ಬೂಟು ಕಳಚದೆ ಹೊಸ್ತಿಲ ಆಚೆಯೇ ನಿಂತು ಅಂಗಳವನ್ನು ಒಂದು ಸುತ್ತು ನೋಡಿದರು.

"ಇಲ್ಲೆ ಇಳಿದೀರಿ, ಸಾಹುಕಾರ್ರ?"

"ಹೌದ್ರಿ. ಜಾಗಾ ಛಲೋ ಐತಿ. ಒಳಗ ಬರ್ರಿ" ಎಂದರು ಅಪ್ಪ.

"ನಾ ಬರ್ತೀನ್ರಿ, ನನ್ನದೇನೈತಿ. ಆದ್ರ ನಮ್ಮ ಮನಿಯವರು, ಕಚೇರಿಯ ನಾಲ್ಕು ಮಂದಿ ದೊಡ್ಡವರು ಹೆಣ್ಣು ನೋಡಾಕ ಬರ್ತಾರ. ಅವರನ್ನ ಈ ಕಟ್ಟಿ ಮ್ಯಾಲೆ ಕೂಡಿಸಲೇನ್ರಿ?"

ವೀರಭದ್ರಪ್ಪನವರೇ ಒಂದು ಹೋಟೆಲಿನ ಹೆಸರು ಹೇಳಿದರು. ಟಾಂಗಾವನ್ನೂ ಅವರೇ ಕರೆದರು. ಹಂಚಿನ ಮೇಲಿದ್ದ ಕೊನೆಯ ರೊಟ್ಟಿಯನ್ನು ಅತ್ತೆ ಪಕ್ಕದ ಸಂಸಾರದವರಿಗೆ ಕೊಟ್ಟು ಸೆರಗು ಕೊಡವಿಕೊಂಡು ಎದ್ದಳು.

ಹೋಟೆಲು ಎರಡು ಅಂತಸ್ತಿನದು. ಕೆಳಗೆ ಊಟದ ಮನೆ, ಮೇಲೆ ಕೋಣೆಗಳು. ಮ್ಯಾನೇಜರು ಗುಲಬರ್ಗಾ ಕಡೆಯವರು, ಎರಡು ಕೋಣೆ ತೋರಿಸಿದರು. ಹಿತ್ತಲ ಕಡೆಯದು ದಿನಕ್ಕೆ ಎರಡು ರೂಪಾಯಿ, ಕಿಟಕಿ ತೆರೆದರೆ ಅಡುಗೆ ಮನೆಯ ಹೊಗೆ. ರಸ್ತೆ ಕಡೆಯದು ನಾಲ್ಕು ರೂಪಾಯಿ. ಅದಕ್ಕೆ ಬಾಲ್ಕನಿ, ಆಳೆತ್ತರದ ಕನ್ನಡಿ, ವಿದ್ಯುತ್ ದೀಪ. ಅಪ್ಪ ಹಿತ್ತಲ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ವೀರಭದ್ರಪ್ಪ "ನಿಮ್ಮ ಇಷ್ಟಾ ರೀ" ಎಂದು ಹೇಳಿ ಗೋಡೆಯ ಕಡೆ ತಿರುಗಿಕೊಂಡರು. ಅಪ್ಪ ರಸ್ತೆ ಕಡೆಯ ಕೋಣೆ ಹಿಡಿದರು.

ಮರುದಿನ ಏಳು ಮಂದಿ ಬಂದರು. ಹುಡುಗ ಬರಲಿಲ್ಲ, ಕಚೇರಿಯ ಕೆಲಸವಂತೆ. ಸಕ್ಕರೆಗೆ ರೇಷನ್ ಬಂದಿದ್ದ ಕಾಲದಲ್ಲಿ ಹೋಟೆಲಿನ ಬರ್ಫಿಯ ಬೆಲೆ ಕೇಳುವಂತಿರಲಿಲ್ಲ. ಹುಡುಗನ ತಾಯಿ ಎರಡು ಸಲ ತರಿಸಿದರು. ಇಳಕಲ್ಲ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೋಡಿ ಮಡಿಸಿ ಪಕ್ಕದಲ್ಲಿಟ್ಟುಕೊಂಡರು. ನನ್ನನ್ನು ನಡೆಸಿ ನೋಡಿದರು, ಜಡೆ ಬಿಚ್ಚಿಸಿ ನೋಡಿದರು. ಅದರ ಮರುದಿನ ಹುಡುಗನ ಅತ್ತೆಯರು, ಚಿಕ್ಕಮ್ಮಂದಿರು ಬಂದರು. ಆಗಲೂ ಹುಡುಗನಿಗೆ ಕೆಲಸ. ನಾಳೆ ಬರುತ್ತಾನೆ ಎಂದರು.

ಹಗಲೆಲ್ಲ ನಾವು ಕೋಣೆ ಬಿಟ್ಟು ಕದಲಲಿಲ್ಲ. ಬಾಲ್ಕನಿಯಿಂದ ಟಾಂಗಾ, ಮೋಟಾರು, ಬುರ್ಖಾದ ಹೆಂಗಸರು, ಹಲ್ವಾ ಮಾರುವವರು ಕಾಣುತ್ತಿದ್ದರು. ಚಾರ್‌ಮಿನಾರ್ ಇಲ್ಲಿಂದ ದೂರವಿಲ್ಲವೆಂದು ಮ್ಯಾನೇಜರು ಹೇಳಿದ್ದರು. ಒಮ್ಮೆ ನೋಡಿ ಬರೋಣ ಎಂದು ನಾನು ಅಂದದ್ದಕ್ಕೆ ಅಪ್ಪ, "ನಾವು ಹೊರಗ ಹೋದಾಗ ಅವರು ಬಂದ್ರ ಏನಂತ ಹೇಳೂದು?" ಎಂದರು.

ನಾಲ್ಕನೆಯ ದಿನ ಬೆಳಿಗ್ಗೆ ಅರಿವೆ ಒಣಹಾಕಲು ಮಾಳಿಗೆಗೆ ಹೋದೆ. ಅಲ್ಲಿ ನನಗಿಂತ ಎರಡು ಮೂರು ವರ್ಷ ದೊಡ್ಡವಳಾದ ಹುಡುಗಿಯೊಬ್ಬಳು ಸೀರೆ ಹಿಂಡುತ್ತಿದ್ದಳು. ಹೆಸರು ಗಿರಿಜಾ, ಊರು ಗಂಗಾವತಿ. ತಂದೆಗೆ ಅಕ್ಕಿ ವ್ಯಾಪಾರ. ನಾವು ಬಂದ ಮರುದಿನವೇ ಹಿತ್ತಲ ಕೋಣೆಯಲ್ಲಿ ಇಳಿದಿದ್ದರು.

"ಯಾರ ಮನಿಗೆ ಬಂದೀರಿ?" ಎಂದು ಕೇಳಿದಳು.

ವೀರಭದ್ರಪ್ಪನವರ ಹೆಸರು ಹೇಳಿದೆ. ಸೀರೆ ಹಿಂಡುತ್ತಿದ್ದ ಅವಳ ಕೈ ನಿಂತಿತು.

"ನಿಮಗೂ ಈ ಹೋಟೆಲಿಗೇ ಬರ್ರಿ ಅಂದ್ರೇನು?"

"ಹೌದು. ನಿಮಗೂ?"

"ಮೊನ್ನೆ ನಿಮ್ಮ ಕೋಣ್ಯಾಗಿಂದ ಎದ್ದು ನಮ್ಮಲ್ಲಿಗೆ ಬಂದಿರಬೇಕು. ಹುಡುಗನ ತಾಯಿ ಹೊಟ್ಟಿ ತುಂಬೇತಿ ಅಂತ ನಮ್ಮ ಬರ್ಫಿ ಕಟಿಗೊಂಡು ಹೋದ್ರು."

ಇಬ್ಬರಿಗೂ ನಗು ಬಂತು. ಸೀರೆಯ ಎರಡು ತುದಿ ಹಿಡಿದು ಕೊಡವುತ್ತ ಸ್ವಲ್ಪ ಹೊತ್ತು ನಕ್ಕೆವು. ಆಮೇಲೆ ಅವಳು ಸೀರೆಯನ್ನು ಹಗ್ಗಕ್ಕೆ ಹಾಕಿ ನನ್ನ ಕಡೆ ತಿರುಗದೆ ಹೇಳಿದಳು.

"ನನ್ನ ನೋಡಿದ್ದು ಇದು ನಾಲ್ಕನೇ ಮಂದಿ. ಇದೂ ಆಗಲಿಲ್ಲಂದ್ರ ಕಾರಟಗಿಯಾಗ ಒಬ್ಬ ಅದಾನ, ಹೆಂಡ್ತಿ ಸತ್ತಾಂವ, ಮೂರು ಮಕ್ಕಳು. ಅಲ್ಲೆ ಕೊಡ್ತಾರ."

"ನಾ ಆ ಹುಡುಗನ್ನ ನೋಡೇ ಇಲ್ಲ. ನನಗೇನು ಬೇಕಾಗಿಲ್ಲ" ಎಂದೆ.

"ಹಂಗಂತ ನಿಮ್ಮಪ್ಪಗ ಹೇಳು. ನನಗ ಹೇಳಿದ್ರ ಏನಾತು" ಎಂದು ಬುಟ್ಟಿ ಎತ್ತಿಕೊಂಡು ಇಳಿದುಹೋದಳು.

ನಾನು ಅತ್ತೆಗೆ ಹೇಳಿದೆ. ಅತ್ತೆ ಅಪ್ಪನಿಗೆ ಹೇಳಿದಳು. "ತಮ್ಮಾ, ಗಂಟು ಕಟ್ಟು. ಸಂತ್ಯಾಗ ದನಾ ತೋರಿಸಿದಂಗ ಆತು ಇದು. ನಮ್ಮ ಹುಡುಗಿಗೇನು ಕುಂಟೈತೋ ಕುರುಡೈತೋ" ಎಂದಳು. ಅಪ್ಪ ಬಾಲ್ಕನಿಯಲ್ಲಿ ಬೆನ್ನು ಮಾಡಿ ನಿಂತು ಕೇಳಿದರು. ಆಮೇಲೆ ಟೋಪಿ ಹಾಕಿಕೊಂಡು ಕೆಳಗಿಳಿದರು. ಲೆಕ್ಕ ಮುಗಿಸಲು ಹೋದರೆಂದು ತಿಳಿದು ನಾವಿಬ್ಬರೂ ಟ್ರಂಕು ತುಂಬತೊಡಗಿದೆವು. ಅಪ್ಪ ಬೇಗನೆ ಮೇಲೆ ಬಂದರು.

"ಅವೆಲ್ಲ ಯಾಕ ತುಂಬಾಕತ್ತೀರಿ? ಗಂಗಾವತಿಯವರು ಇವತ್ತ ಗಂಡಿನವರ ಊಟಕ್ಕ ಏನು ತರಿಸ್ತಾರ ಅಂತ ಮ್ಯಾನೇಜರನ್ನ ಕೇಳಿ ಬಂದೆ. ಅದರ ಮ್ಯಾಲೆ ಒಂದು ಹೆಚ್ಚು ಹೇಳೇನಿ" ಎಂದರು.

ಅತ್ತೆ ಮಡಿಸಿದ ಅರಿವೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಳು. ಅಂಗಡಿಯಲ್ಲಿ ಗಿರಾಕಿ ಒಂದು ಗೇಣು ಹೆಚ್ಚು ಕೇಳಿದರೆ ನಗುತ್ತಲೇ ಹರಿದುಕೊಡುತ್ತಿದ್ದ ಅಪ್ಪನ ಮುಖ ಅಂದು ನನಗೆ ಗುರುತು ಸಿಗಲಿಲ್ಲ. ಮೆಟ್ಟಿಲ ಮೇಲೆ ಗಿರಿಜಾಳ ತಂದೆ ಎದುರಾದರೆ ಒಬ್ಬರನ್ನೊಬ್ಬರು ನೋಡದೆ ಗೋಡೆ ಸವರಿಕೊಂಡು ಹೋಗುತ್ತಿದ್ದರು. ಅಪ್ಪ ಹೂವಿನ ಹಾರ ತರಿಸಿದರೆ ಅವರು ಗಂಡಿನವರನ್ನು ಕರೆತರಲು ಬಾಡಿಗೆ ಮೋಟಾರು ಕಳಿಸಿದರು. ಮೋಟಾರಿನಲ್ಲಿ ಬಂದು ಇಳಿದವರು ಮೊದಲು ನಮ್ಮ ಕೋಣೆಯಲ್ಲೇ ಊಟಕ್ಕೆ ಕುಳಿತರು.

ಹುಡುಗ ಬಂದಿದ್ದ. ಬೆಳ್ಳಗೆ ಇದ್ದ, ತೆಳ್ಳಗಿದ್ದ. ನನ್ನನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಕನ್ನಡಿ ನೋಡಿಕೊಂಡ. ಉರ್ದು ಪತ್ರಿಕೆ ಕೈಗಿತ್ತು ಓದಲು ಹೇಳಿದ. ನಾನು ಎಲ್ಲೂ ತಡವರಿಸದೆ ಓದಿದೆ. ಅಪ್ಪನ ಮುಖ ಅರಳಿತು. ಹುಡುಗ ಪತ್ರಿಕೆ ಮಡಿಸಿ, "ಈ ಬಾಲ್ಕನಿಗೆ ಗಾಳಿ ಛಲೋ ಬರ್ತೈತಿ" ಎಂದು ತಾಯಿಗೆ ಹೇಳಿದ. ಅವನ ಬಾಯಿಂದ ನಾನು ಕೇಳಿದ ಕನ್ನಡ ಅಷ್ಟೇ. ಊಟ ಮುಗಿಸಿ ಎಲ್ಲರೂ ಎದ್ದರು. ಅವರ ಬೂಟಿನ ಸಪ್ಪಳ ಮೆಟ್ಟಿಲ ಕಡೆಗೆ ಹೋಗದೆ ಹಿತ್ತಲ ಕೋಣೆಯ ಕಡೆಗೆ ಹೋಯಿತು.

ಮರುದಿನ ವೀರಭದ್ರಪ್ಪ ಒಬ್ಬರೇ ಬಂದರು. ಅಪ್ಪ ಚಹಾ ತರಿಸಿದರು. ಅವರು ಬಸಿಯಲ್ಲಿ ಹೊಯ್ದುಕೊಂಡು ನಿಧಾನವಾಗಿ ಕುಡಿದರು.

"ಹುಡುಗಿ ಬಗ್ಗೆ ಏನೂ ಮಾತಿಲ್ರಿ. ಆದ್ರ ನೀವು ಬಂದ ಕೂಡಲೆ ಧರ್ಮಶಾಲಾದಾಗ ಇಳಿದಿದ್ದು ನಮ್ಮ ಮಂದಿಗೆ ಗೊತ್ತಾಗೇತಿ. ಬೀಗರು ಧರ್ಮದ ಜಾಗಾದಾಗ ಇಳಿಯೂವಂಥವರು ಅಂತ ನಾಳೆ ಆಡಿಕೋತಾರ. ಹುಡುಗಗ ಕಚೇರ್ಯಾಗ ತಲಿ ಎತ್ತಾಕ ಆಗೂದಿಲ್ಲ."

ನಾವು ಅಲ್ಲಿದ್ದದ್ದು ಒಂದು ಹೊತ್ತು. ನಮ್ಮನ್ನು ಅಲ್ಲಿ ಕಂಡವರು ಆ ಮನೆಯವರಲ್ಲಿ ವೀರಭದ್ರಪ್ಪನವರೊಬ್ಬರೇ. ಅಪ್ಪ ಅದನ್ನು ಕೇಳಬೇಕಿತ್ತು. ಅವರು ಕೇಳಿದ್ದು, "ಹಂಗಾದ್ರ ಗಂಗಾವತಿಯವರದು ಗಟ್ಟಿ ಆತೇನ್ರಿ?" ಎಂದು.

"ನೋಡಬೇಕ್ರಿ" ಎಂದು ವೀರಭದ್ರಪ್ಪ ಬಸಿ ಕೆಳಗಿಟ್ಟು ಎದ್ದರು. ಸೀರೆಯ ಮಾತು ಬರಲಿಲ್ಲ.

ಮ್ಯಾನೇಜರು ಲೆಕ್ಕ ಹೇಳಿದರು. ಅಪ್ಪ ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಎಣಿಸಿಡಲು ಹೋದಾಗ ಅವರು ಕೈ ಅಡ್ಡ ಮಾಡಿದರು. "ನಮ್ಮ ದರ ಎಲ್ಲಾ ಕಲ್ದಾರ್ ರೀ" ಎಂದರು. ಇಂಗ್ಲಿಷರ ಕಲ್ದಾರ್ ರೂಪಾಯಿಗೆ ನಿಜಾಮರ ರೂಪಾಯಿ ಬದಲಿಸಿದರೆ ಆರರಲ್ಲೊಂದು ಪಾಲು ಹೆಚ್ಚು ತೆರಬೇಕಿತ್ತು. "ಮೊದಲ ಹೇಳಬೇಕಿತ್ತಲ್ರಿ" ಎಂದರು ಅಪ್ಪ. "ಇಂಥಾ ಕೋಣಿ ಹಿಡಿಯೂವರು ಯಾರೂ ಕೇಳೂದಿಲ್ರಿ" ಎಂದರು ಅವರು. ಅಪ್ಪ ಬೆರಳಿನ ಉಂಗುರ ಮಾರಲು ಬಜಾರಿಗೆ ಹೋದರು. ಅವರು ಮರಳುವವರೆಗೆ ನಾನೂ ಅತ್ತೆಯೂ ಟ್ರಂಕಿನ ಜೊತೆ ಊಟದ ಮನೆಯ ಬಾಗಿಲಲ್ಲಿ ನಿಂತಿದ್ದೆವು. ಊಟಕ್ಕೆ ಬಂದವರು ನಮ್ಮನ್ನು ಸುತ್ತಿಕೊಂಡು ಒಳಗೆ ಹೋಗುತ್ತಿದ್ದರು.

ಟಾಂಗಾ ಬಂದಾಗ ಮೇಲೆ ಮರೆತ ತಂಬಿಗೆ ತರಲು ಹೋದೆ. ಗಂಗಾವತಿಯವರ ಹಾಸಿಗೆ ಸುರುಳಿ, ಬುಟ್ಟಿ ಆಗಲೇ ನಮ್ಮ ಕೋಣೆಯಲ್ಲಿದ್ದವು. ಗಿರಿಜಾಳ ತಂದೆ ಟ್ರಂಕು ಎಲ್ಲಿಡಬೇಕೆಂದು ಹೇಳುತ್ತಿದ್ದರು. ಗಿರಿಜಾ ಬಾಗಿಲಲ್ಲಿ ನಿಂತಿದ್ದವಳು ಸರಿದು ದಾರಿ ಬಿಟ್ಟಳು.

"ಇಲ್ಲೆ ಸೊಳ್ಳಿ ಅದಾವೇನು?" ಎಂದು ಕೇಳಿದಳು.

"ಅದಾವ" ಎಂದೆ. ತಂಬಿಗೆ ಎತ್ತಿಕೊಂಡು ಇಳಿದೆ.

ಗಾಡಿ ವಾಡಿ ದಾಟಿತು. ಅತ್ತೆ ಹೋಟೆಲಿನಿಂದ ಕಟ್ಟಿಸಿಕೊಂಡಿದ್ದ ಪೂರಿ ಬಿಚ್ಚಿದಳು. ಅದು ಹಳಸಿತ್ತು, ಕಿಟಕಿಯಿಂದ ಹೊರಗೆಸೆದಳು. ಅಪ್ಪ ಆ ಕಡೆಗೇ ನೋಡುತ್ತ, "ನೀ ಇನ್ನೊಂಚೂರು ನಿಧಾನ ಓದಬೇಕಿತ್ತು" ಎಂದು ನನಗೆ ಹೇಳಿದರು.

ಅತ್ತೆ ಸಿಟ್ಟಿನಿಂದ ಏನೋ ಹೇಳಹೋದಳು. ನಾನು ಅವಳ ಮೊಣಕಾಲಿನ ಮೇಲೆ ಕೈಯಿಟ್ಟೆ. ಗುಂತಕಲ್ಲು ಬರುವವರೆಗೆ ನಾನು ಮಲಗಿದಂತೆ ಕಣ್ಣು ಮುಚ್ಚಿಕೊಂಡಿದ್ದೆ.

ಆ ಸಂಬಂಧ ಗಂಗಾವತಿಯವರಿಗೂ ಆಗಲಿಲ್ಲ. ನಮ್ಮ ಅಂಗಡಿಗೆ ಬಂದ ಅಕ್ಕಿ ವ್ಯಾಪಾರಿಯೊಬ್ಬರಿಂದ ತಿಳಿಯಿತು. ವೀರಭದ್ರಪ್ಪನವರ ಮನೆಯವರು ಅವರನ್ನು ರಸ್ತೆ ಕಡೆಯ ಕೋಣೆಯಲ್ಲಿ ಇನ್ನೂ ಒಂದು ವಾರ ಇರಿಸಿಕೊಂಡು, ಅಷ್ಟೂ ದಿನ ಊಟಕ್ಕೆ ಬಂದು, ಕೊನೆಗೆ ಸಿಕಂದರಾಬಾದಿನ ಗುತ್ತಿಗೆದಾರರೊಬ್ಬರ ಮಗಳನ್ನು ತಂದುಕೊಂಡರಂತೆ. "ಊರಿಂದ ಎರಡು ಮಂದಿ ಸಾಹುಕಾರರು ಬಂದು ಹೋಟೆಲಿನ್ಯಾಗ ಕಾದು ಕುಂತಾರ ಅಂತ ಆ ಗುತ್ತಿಗೆದಾರರಿಗೆ ತೋರಿಸಿ ಹುಡುಗನ ದರ ಏರಿಸಿದ್ರಂತ್ರಿ" ಎಂದು ಆ ವ್ಯಾಪಾರಿ ಹೇಳಿದರು. ಗಿರಿಜಾಳನ್ನು ಕಾರಟಗಿಗೆ ಕೊಟ್ಟರು. ಅಪ್ಪ ಈ ಮಾತನ್ನು ಗಜಗೋಲು ಹಿಡಿದು ಅರಿವೆ ಅಳೆಯುತ್ತಲೇ ಕೇಳಿದರು. ಅಳತೆ ತಪ್ಪಿ ಮತ್ತೆ ಮೊದಲಿನಿಂದ ಅಳೆದರು.

ಊರಲ್ಲಿ ಅಪ್ಪ ಸಂಬಂಧದ ಮಾತೆತ್ತಲಿಲ್ಲ. ಕೇಳಿದವರಿಗೆ, ಅದು ನಮಗೇ ಬೇಡವಾಯಿತು ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆದರೆ ಹೈದರಾಬಾದಿನ ವರ್ಣನೆ ಬಹಳ ದಿನ ನಡೆಯಿತು. ಸಂಜೆ ಅಂಗಡಿಯ ಕಟ್ಟೆಯ ಮೇಲೆ ಕೂತವರಿಗೆ, ಅರಿವೆ ಕೊಳ್ಳಲು ಬಂದವರಿಗೆ, ಯಾರು ಕೇಳಿದರೂ ಹೇಳುತ್ತಿದ್ದರು.

"ಚಾರ್‌ಮಿನಾರ್ ಮ್ಯಾಲೆ ನಿಂತು ಕೆಳಗ ನೋಡಿದ್ರ ಮಂದಿ ಇರುವಿ ಹರದಾಡಿದಂಗ ಕಾಣ್ತಾರ" ಎಂದು ಒಂದು ಸಂಜೆ ಹೇಳುತ್ತಿದ್ದರು. ನಾನು ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದಿದ್ದೆ. ಎದುರು ಮನೆಯ ಹಿರಿಯರು ನನ್ನನ್ನು ನೋಡಿ, "ನೀನೂ ಹತ್ತಿದ್ದೇನ ಶಾಂತಾ?" ಎಂದರು.

ಅಪ್ಪ ನನ್ನ ಕಡೆ ತಿರುಗಲಿಲ್ಲ. ಗಜಗೋಲನ್ನು ಎತ್ತಿ ಇನ್ನೊಂದು ಬದಿಗೆ ಇಟ್ಟರು.

"ಹತ್ತಿದ್ನಿರಿ" ಎಂದೆ. "ಮೆಟ್ಟಲಾ ಭಾಳ ಅದಾವ."